ಮೆಮೊರಿ ಕಾರ್ಡೂ ಬಿತ್ತನೆ ಬೀಜವೂ

ಸಂತೆಯ ದಿನ ತೆರಕಣಾಂಬಿಯ ಮೊಬೈಲ್ ಅಂಗಡಿಯೊಂದರ ಮುಂದೆ ನಿಂತಿದ್ದೆ. ಫೋನಿನ ಒಡೆದ ಗ್ಲಾಸ್ ಬದಲಾಯಿಸಬೇಕಿತ್ತು. ನನಗಿಂತ ಮುಂದೆ ಅರವತ್ತು ದಾಟಿದ ಹೆಂಗಸೊಬ್ಬರು, ಕಾಲ ಬಳಿ ತರಕಾರಿ ಚೀಲ. ಸೆರಗಿನ ತುದಿಯ ಗಂಟು ಬಿಚ್ಚಿ, ಹತ್ತು ರೂಪಾಯಿ ನೋಟಿನ ಮಡಿಕೆಯೊಳಗಿಂದ ಹೆಬ್ಬೆರಳ ಉಗುರಿನಷ್ಟು ಅಗಲದ ಕರಿ ಚೂರೊಂದನ್ನು ತೆಗೆದು ಗಾಜಿನ ಮೇಲಿಟ್ಟರು.

"ನೋಡಪ್ಪ ಮಗ, ಇದ್ಯಾಕೊ ಏನೂ ತೋರ್ಸದಿಲ್ಲ."

ಹುಡುಗ ಅದನ್ನು ಕಾರ್ಡ್ ರೀಡರಿಗೆ ಸಿಕ್ಕಿಸಿ ಲ್ಯಾಪ್‌ಟಾಪಿಗೆ ಚುಚ್ಚಿದ. ಫಾರ್ಮ್ಯಾಟ್ ಮಾಡಬೇಕೇ ಎಂದು ಪರದೆ ಕೇಳಿತು. ಹೊರಗೆ ತೆಗೆದು, ಹಿಂಬದಿಯ ಹಿತ್ತಾಳೆ ಬಣ್ಣದ ಗೆರೆಗಳನ್ನು ಅಂಗಿಯ ಅಂಚಿಗೆ ಉಜ್ಜಿ ಮತ್ತೆ ಹಾಕಿದ. ಮತ್ತೆ ಅದೇ ಪ್ರಶ್ನೆ.

"ಕಾರ್ಡು ಸತ್ತೋಗದ ಅವ್ವ."

"ಸತ್ತೋಗದ ಅಂದ್ರ? ಒಳಗ ನಮ್ ಯಜಮಾನ್ರ ದನಿ ಅದ ಕನಪ್ಪ."

"ನಾನೇ ಹಾಕ್ಕೊಟ್ಟಿದ್ದಲ್ವಾ, ಅರವತ್ನಾಕು ಜಿಬಿ. ಇನ್ನೂ ಅರ್ಧಕ್ಕರ್ಧ ಖಾಲಿ ಇತ್ತು" ಎಂದ ಹುಡುಗ. ಅವನ ದನಿಯಲ್ಲಿ ನಿಜವಾದ ಬೇಸರವಿತ್ತು. ಆರು ತಿಂಗಳ ಹಿಂದೆ ಅವರ ಫೋನು ತುಂಬಿಹೋಗಿ ಏನೂ ತೆರೆಯದಂತಾದಾಗ, ಇದ್ದುದನ್ನೆಲ್ಲ ಹೊಸ ಕಾರ್ಡಿಗೆ ಸಾಗಿಸಿ ಫೋನನ್ನು ಹಗುರ ಮಾಡಿಕೊಟ್ಟವನು ಅವನೇ. ತೀರಿಹೋದ ಗಂಡ ಆಸ್ಪತ್ರೆಯಿಂದ ಕಳಿಸಿದ್ದ ವಾಟ್ಸ್ಯಾಪ್ ದನಿಯೂ ಆ ಗುಂಪಿನಲ್ಲಿ ಸಾಗಿತ್ತು. ಸಾಗಿಸಿದ್ದ ಎಂಬ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕು. ಅವನು ನಕಲು ಮಾಡಿರಲಿಲ್ಲ.

ಕಾರ್ಡಿನಲ್ಲಿ ಜಾಗಕ್ಕೆ ಕೊರತೆ ಇರಲಿಲ್ಲ. ಅಂಗಡಿಗೆ ಹೋದ ನಾವೆಲ್ಲ ಕೇಳುವುದು ಮಾತ್ರ ಜಾಗವನ್ನೇ. ಫೋನಾದರೂ ಅಷ್ಟೆ, ಪೆನ್‌ಡ್ರೈವ್ ಆದರೂ ಅಷ್ಟೆ, "ಎಷ್ಟು ಜಿಬಿ?" ಅಂಗಡಿಯವನು ಉತ್ತರ ಕೊಡುತ್ತಾನೆ, ನಾವು ದುಡ್ಡು ಕೊಡುತ್ತೇವೆ, ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಈ ಪ್ರಶ್ನೆಯೇ ತಪ್ಪು ಎಂಬುದು ನನ್ನ ವಾದ. ಜಾಗವನ್ನು ಕೊಂಡು ತರಬಹುದು. ಜೋಪಾನ ಅಂಗಡಿಯಲ್ಲಿ ಸಿಗುವುದಿಲ್ಲ, ಅದನ್ನು ನಾವೇ ಮಾಡಬೇಕು.

ಮೊದಲು ಜಾಗದ ಲೆಕ್ಕ. ತೆರಕಣಾಂಬಿ ಎಂದು ಯೂನಿಕೋಡಿನಲ್ಲಿ ಬರೆದರೆ ಕಂಪ್ಯೂಟರ್ ಅದನ್ನು ಒಂಬತ್ತು ಗುರುತುಗಳಾಗಿ ಒಡೆಯುತ್ತದೆ: ತ, ಎತ್ವ, ರ, ಕ, ಣ, ದೀರ್ಘ, ಸೊನ್ನೆ, ಬ, ಗುಡಿಸು. ಈಗ ಎಲ್ಲೆಡೆ ಚಾಲ್ತಿಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟು. ಊರಿನ ಹೆಸರಿಗೆ ಒಟ್ಟು 27 ಬೈಟು. ಇದೇ ಲೆಕ್ಕ ಹಿಡಿದರೆ ಸಾವಿರ ಪದ್ಯಗಳ ಭಾಮಿನಿ ಷಟ್ಪದಿ ಕಾವ್ಯವೊಂದು ಹೆಚ್ಚುಕಡಿಮೆ ಅರ್ಧ ಎಂಬಿ ಹಿಡಿಯುತ್ತದೆ. ಫೋನಿನಲ್ಲಿ ತೆಗೆದ ಒಂದು ಫೋಟೊ ಮೂರು ನಾಲ್ಕು ಎಂಬಿ. ಗುಂಡ್ಲುಪೇಟೆ ರಸ್ತೆಬದಿಯ ಸೂರ್ಯಕಾಂತಿ ಹೊಲದಲ್ಲಿ ಹಲ್ಲು ಕಿರಿದು ನಿಂತ ಒಂದು ಸೆಲ್ಫಿಯ ಜಾಗದಲ್ಲಿ ಆರೇಳು ಕಾವ್ಯಗಳು ಕಾಲು ಚಾಚಿ ಮಲಗಬಹುದು.

ಅಳತೆಯಲ್ಲಿ ಒಂದು ತರಲೆಯೂ ಇದೆ. 1 ಟಿಬಿ ಎಂದು ಕೊಂಡು ತಂದ ಹಾರ್ಡ್‌ಡಿಸ್ಕು ವಿಂಡೋಸ್ ಕಂಪ್ಯೂಟರಿನಲ್ಲಿ 931 ಜಿಬಿ ತೋರಿಸುತ್ತದೆ. ಯಾರೂ ಕದ್ದಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ಕಂಪ್ಯೂಟರು 1024ರ ಲೆಕ್ಕದಲ್ಲಿ ಅಳೆಯುತ್ತದೆ. ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಹೊಂದದಿದ್ದ ಕಾಲವನ್ನು ಕಂಡ ಹಿರಿಯರಿಗೆ ಇದು ಹೊಸ ಜಗಳವಲ್ಲ.

ನಮ್ಮಲ್ಲಿ ಎಲ್ಲಕ್ಕೂ ಮೆಮೊರಿ ಎಂದುಬಿಡುವುದು ರೂಢಿ. ಆದರೆ ಫೋನಿನ ಡಬ್ಬದ ಮೇಲೆ 6 ಜಿಬಿ, 128 ಜಿಬಿ ಎಂದು ಎರಡು ಅಂಕಿ ಬರೆದಿರುತ್ತಾರಲ್ಲ, ಅವು ಬೇರೆ ಬೇರೆ. ಮೊದಲನೆಯದು ಕಣ, ಎರಡನೆಯದು ಕಣಜ. ಕಣದಲ್ಲಿ ಕೆಲಸ ನಡೆಯುತ್ತದೆ. ತೆನೆ ಹರಡುತ್ತೇವೆ, ಗುಂಡು ಹೊಡೆಯುತ್ತೇವೆ, ತೂರುತ್ತೇವೆ, ಸಂಜೆಗೆ ಗುಡಿಸುತ್ತೇವೆ. ರ್‍ಯಾಮ್ ಹಾಗೆ, ಕರೆಂಟು ಹೋದರೆ ಗುಡಿಸಿದಂತೆ ಖಾಲಿ. ಉಳಿಯಬೇಕಾದದ್ದು ಕಣಜಕ್ಕೆ ಹೋಗಬೇಕು. ಈ ಲೇಖನಕ್ಕೆ ಬೇಕಾಗಿರುವುದು ಕಣಜ ಮಾತ್ರ.

ಕಣಜಗಳಲ್ಲಿ ಹಳೆಯದು ಹಾರ್ಡ್‌ಡಿಸ್ಕು. 1956ರಲ್ಲಿ ಐಬಿಎಂ ಕಂಪನಿ ಹೊರತಂದ ರಾಮ್ಯಾಕ್ ಯಂತ್ರದ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ತೂಕ ಸುಮಾರು ಒಂದು ಟನ್. ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ, ಅಂದರೆ ಈಗಿನ ಒಂದು ಫೋಟೊ. ಇಂದಿನ ಡಿಸ್ಕು ಜೇಬಿಗೆ ಬಂದಿದ್ದರೂ ಒಳಗಿನ ಕಥೆ ಅದೇ: ಕಾಂತದ ಪುಡಿ ಲೇಪಿಸಿದಂಥ ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ, ಅದರ ಮೇಲೆ ಕೂದಲೆಳೆಯ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲಿನಷ್ಟು ಎತ್ತರದಲ್ಲಿ ಓದುವ ಮುಳ್ಳು ತೇಲುತ್ತದೆ. ತಿರುಗುತ್ತಿರುವಾಗ ಮೇಜಿನಿಂದ ಕೆಳಗೆ ಬಿದ್ದರೆ ಮುಳ್ಳು ತಟ್ಟೆಗೆ ತಗಲುತ್ತದೆ, ಅಲ್ಲಿಗೆ ಮುಗಿಯಿತು.

ಫೋನು, ಮೆಮೊರಿ ಕಾರ್ಡು, ಪೆನ್‌ಡ್ರೈವ್, ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಇವೆಲ್ಲ ಇನ್ನೊಂದು ಕುಲಕ್ಕೆ ಸೇರಿದವು. ಇದಕ್ಕೆ ಫ್ಲ್ಯಾಶ್ ಎಂದು ಹೆಸರು. 1980ರ ದಶಕದಲ್ಲಿ ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುಒಕಾ ಕಂಡುಹಿಡಿದದ್ದು. ಇಲ್ಲಿ ತಿರುಗುವುದು ಯಾವುದೂ ಇಲ್ಲ. ಕೋಟ್ಯಂತರ ಪುಟ್ಟ ಗುಂಡಿಗಳು, ಒಂದೊಂದರಲ್ಲೂ ಹಿಡಿಯಷ್ಟು ಎಲೆಕ್ಟ್ರಾನು ಕೂಡಿಹಾಕಿ ಸುತ್ತ ಬೇಲಿ ಕಟ್ಟಿದ್ದಾರೆ. ಎಲೆಕ್ಟ್ರಾನು ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಮೊದಲು ಗುಂಡಿಗೆ ಎರಡೇ ಸ್ಥಿತಿ ಇತ್ತು, ತುಂಬಿದೆ ಅಥವಾ ಖಾಲಿ. ಜಾಗ ಅಗ್ಗವಾಗಬೇಕೆಂಬ ಹಟದಲ್ಲಿ ಈಗ ಅದೇ ಗುಂಡಿಯಲ್ಲಿ 8 ಮಟ್ಟ, ಕೆಲವದರಲ್ಲಿ 16 ಮಟ್ಟ ಗುರುತಿಸುತ್ತಾರೆ. ಒಂದೇ ಮಡಕೆಯಲ್ಲಿ ಕಾಲು, ಅರೆಕಾಲು, ಅದರಲ್ಲೂ ಅರ್ಧ ಎಂದು ಗೀಟು ಹಾಕಿದಂತೆ. ಗೀಟು ಹೆಚ್ಚಿದಷ್ಟೂ ಸ್ವಲ್ಪ ಸೋರಿದರೂ ಲೆಕ್ಕ ತಪ್ಪುತ್ತದೆ. ಬೇಲಿ ಸೋರುವುದಂತೂ ಖಂಡಿತ. ಪ್ರತಿಸಲ ಅಳಿಸಿ ಬರೆದಾಗಲೂ ಅದು ಸವೆಯುತ್ತದೆ, ಶೆಖೆಯಲ್ಲಿ ಇನ್ನೂ ಬೇಗ ಸೋರುತ್ತದೆ. ಈ ವಸ್ತುಗಳಿಗೆ ಮಾನದಂಡ ನಿಗದಿಮಾಡುವ ಜೆಡೆಕ್ ಸಂಸ್ಥೆಯ ಲೆಕ್ಕ ಹೀಗಿದೆ: ಮನೆಬಳಕೆಯ ಎಸ್‌ಎಸ್‌ಡಿಯು ಬರೆಯುವ ಆಯಸ್ಸನ್ನು ಮುಗಿಸಿದ ಮೇಲೆ, ಕರೆಂಟಿಲ್ಲದೆ, 30 ಡಿಗ್ರಿ ಬಿಸಿಯಲ್ಲಿ, ಒಂದು ವರ್ಷ ಮಾಹಿತಿ ಹಿಡಿದಿಟ್ಟುಕೊಂಡರೆ ಸಾಕು. ಹೊಸದು ಇದಕ್ಕಿಂತ ಎಷ್ಟೋ ಹೆಚ್ಚು ಕಾಲ ಬಾಳುತ್ತದೆ, ನಿಜ. ಆದರೆ ಬೀರುವಿನಲ್ಲಿಟ್ಟು ಹತ್ತು ವರ್ಷ ಮರೆತುಬಿಡುವ ವಸ್ತು ಇದಲ್ಲ ಎಂಬುದು ಅದನ್ನು ಮಾಡಿದವರಿಗೇ ಗೊತ್ತು. ಗ್ಯಾರಂಟಿ ಚೀಟಿ ಓದಿ ನೋಡಿ. ಕಾರ್ಡು ಕೆಟ್ಟರೆ ಬೇರೆ ಕಾರ್ಡು ಕೊಡುತ್ತಾರೆ, ಒಳಗಿದ್ದುದಕ್ಕೆ ಯಾರೂ ಜವಾಬ್ದಾರರಲ್ಲ.

ಇದರ ಜೊತೆಗೆ ಮೋಸದ ಕಾರ್ಡುಗಳು. ಮುನ್ನೂರು ರೂಪಾಯಿಗೆ 1 ಟಿಬಿ ಎಂದು ಮಾರುವುದುಂಟು. ಒಳಗಿರುವುದು ಹದಿನಾರೋ ಮೂವತ್ತೆರಡೋ ಜಿಬಿ. ಫೋನು ಕೇಳಿದಾಗ ಸಾವಿರ ಎಂದು ಸುಳ್ಳು ಹೇಳುವಂತೆ ಅದರ ಚಿಪ್ಪಿಗೆ ಕಲಿಸಿರುತ್ತಾರೆ. ಮೊದಮೊದಲು ಎಲ್ಲ ಸರಿ. ನಿಜವಾದ ಜಾಗ ತುಂಬಿದ ಮೇಲೆ ಹೊಸ ಫೋಟೊ ಹಳೆಯದರ ಮೇಲೆ ಕೂರುತ್ತದೆ. ಹೆಸರು ಕಾಣುತ್ತದೆ, ತೆರೆದರೆ ಏನೂ ಇಲ್ಲ. ತಳವಿಲ್ಲದ ಕೊಳಗದಲ್ಲಿ ಅಳೆದಂತೆ.

ಇಷ್ಟೆಲ್ಲ ಓದಿ, ಹಾಗಾದರೆ ಯಾವ ಬಗೆಯದು ಒಳ್ಳೆಯದು ಹೇಳಿ ಎಂದರೆ ನನ್ನ ಉತ್ತರ: ಯಾವುದೂ ಅಲ್ಲ. ಒಂದು ಬೀಳುತ್ತದೆ, ಒಂದು ಸೋರುತ್ತದೆ, ಸೀಡಿಯ ಬಣ್ಣ ಮಾಸುತ್ತದೆ. ಬಾಳಿಕೆ ಬರುವ ವಸ್ತುವನ್ನು ಹುಡುಕುತ್ತ ಕೂತರೆ ಅದು ಸಿಗುವುದಿಲ್ಲ. ಹಿಂದೆಯೂ ಸಿಕ್ಕಿರಲಿಲ್ಲ.

ತೆರಕಣಾಂಬಿಯ ಹೆಸರನ್ನು ತನ್ನ ಹೆಸರಿನ ಮುಂದೆ ಇಟ್ಟುಕೊಂಡ ಕವಿಯೊಬ್ಬನಿದ್ದಾನೆ. ತೆರಕಣಾಂಬಿ ಬೊಮ್ಮರಸ, 15ನೆಯ ಶತಮಾನದ ಜೈನ ಕವಿ. ಸನತ್ಕುಮಾರ ಚರಿತೆ, ಜೀವಂಧರ ಸಾಂಗತ್ಯ ಬರೆದವನು. ಅವನ ಕಾಲದ ಕಣಜ ಓಲೆಗರಿ. ಗರಿಯನ್ನು ಬೇಯಿಸಿ, ಒಣಗಿಸಿ, ನಯಮಾಡಿ, ಕಬ್ಬಿಣದ ಕಂಟದಿಂದ ಕೊರೆದು, ಮಸಿ ತೀಡಿ, ತೂತಿಗೆ ದಾರ ಪೋಣಿಸಿ ಹಲಗೆಗಳ ನಡುವೆ ಕಟ್ಟಿಡುತ್ತಿದ್ದರು. ಎಷ್ಟೇ ಜತನ ಮಾಡಿದರೂ ನಮ್ಮ ಹವೆಯಲ್ಲಿ, ನಮ್ಮ ಗೆದ್ದಲಿನ ನಡುವೆ ಓಲೆಗೆ ಕೆಲವು ನೂರು ವರ್ಷವೇ ಹೆಚ್ಚು. ಐದು ಶತಮಾನದ ಹಿಂದಿನ ಕವಿ ನಮ್ಮ ಕೈಗೆ ಬಂದಿದ್ದರೆ ಅದಕ್ಕೆ ಓಲೆಯ ಗಟ್ಟಿತನವೊಂದೇ ಕಾರಣವಲ್ಲ. ಹಳೆಯ ಕಟ್ಟು ಪುಡಿಯಾಗುವ ಮೊದಲು ಯಾರೋ ಕೂತು ಇನ್ನೊಂದು ಕಟ್ಟಿಗೆ ನಕಲು ಮಾಡಿದರು, ಆಮೇಲೆ ಇನ್ಯಾರೋ ಅಚ್ಚಿಗೆ ತಂದರು. ಆ ಲಿಪಿಕಾರರಲ್ಲಿ ಹೆಚ್ಚಿನವರ ಹೆಸರು ನಮಗೆ ತಿಳಿಯದು.

ಈ ಗುಟ್ಟನ್ನು ಕನ್ನಡ ನಾಡಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರಿತವಳು ಅತ್ತಿಮಬ್ಬೆ. ಸಾವಿರ ವರ್ಷದ ಹಿಂದೆ ಪೊನ್ನನ ಶಾಂತಿಪುರಾಣಕ್ಕೆ ಅವಳು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅದೇ ಪೊನ್ನ ಬರೆದ ಭುವನೈಕರಾಮಾಭ್ಯುದಯ ಸಿಕ್ಕಿಲ್ಲ. ಅವಳೇ ಆಶ್ರಯ ಕೊಟ್ಟ ರನ್ನನ ಪರಶುರಾಮಚರಿತವೂ ಸಿಕ್ಕಿಲ್ಲ. ಸಾವಿರ ಪ್ರತಿ ಮಾಡಿಸಿದ್ದರಿಂದಲೇ ಶಾಂತಿಪುರಾಣ ಉಳಿಯಿತು ಎಂದು ಆಣೆ ಮಾಡಿ ಹೇಳಲಾರೆ. ನಡುವಿನ ಸಾವಿರ ವರ್ಷದಲ್ಲಿ ಏನೇನೋ ನಡೆದಿದೆ. ಆದರೆ ಮೂರರಲ್ಲಿ ಉಳಿದದ್ದು ಯಾವುದು ಎಂದು ಪಂದ್ಯ ಕಟ್ಟಬೇಕಿದ್ದರೆ ನಾನು ಯಾವುದರ ಮೇಲೆ ಕಟ್ಟುತ್ತಿದ್ದೆ ಎಂಬುದರಲ್ಲಿ ಅನುಮಾನವಿಲ್ಲ. ಓಲೆ ಮೂರಕ್ಕೂ ಅದೇ ಓಲೆ.

ಅಳಿಸಿ ಬರೆಯುವ ಕಣಜವೂ ನಮ್ಮಲ್ಲಿತ್ತು. ಅದರ ಹೆಸರನ್ನು ನಾವು ಈಗಲೂ ದಿನಾ ಹೇಳುತ್ತೇವೆ: ಕಡತ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಪಂಚಾಂಗದಂತೆ ಹಿಂದೆ ಮುಂದೆ ಮಡಿಚಿ, ಬಳಪದಿಂದ ಬರೆಯುತ್ತಿದ್ದರು. ವ್ಯಾಪಾರಿಗಳ ಲೆಕ್ಕ, ಮಠಗಳ ಲೆಕ್ಕ ಎಲ್ಲ ಇದರಲ್ಲೇ. ಬೇಡವಾದದ್ದನ್ನು ಒರೆಸಿ, ಮತ್ತೆ ಕರಿ ಬಳಿದು, ಹೊಸದು ಬರೆಯಬಹುದಿತ್ತು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 19ನೆಯ ಶತಮಾನದ ಆರಂಭದ ತನ್ನ ಚರಿತ್ರೆಯ ಪುಸ್ತಕದಲ್ಲಿ ಈ ಕಡತವನ್ನು ಬೆರಗಿನಿಂದ ವರ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಚರಿತ್ರಕಾರರಿಗೆ ಆಕರ. ಬಟ್ಟೆಯ ಕಡತ ಹೋಗಿ ಕಾಗದದ ಕಡತ ಬಂತು, ಈಗ ಕಂಪ್ಯೂಟರಿನ ಫೈಲಿಗೂ ಕಡತ ಎನ್ನುತ್ತೇವೆ. ಅಳಿಸಿ ಬರೆಯುವುದು ಸಲೀಸಾದಷ್ಟೂ ಅಳಿದುಹೋಗುವುದೂ ಸಲೀಸು ಎಂಬ ತೊಡಕು ಮಾತ್ರ ಹೆಸರಿನ ಜೊತೆ ಹಾಗೆಯೇ ಬಂದಿದೆ.

ಅಂಗಡಿಯ ಆ ಹೆಂಗಸಿನ ವಿಷಯ ಅರ್ಧಕ್ಕೇ ಬಿಟ್ಟೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವ, ಆ ದನಿಯ ಯಾರ್ಗಾರ ಕಳ್ಸಿದ್ರಾ?" ಎಂದು ಕೇಳಿದ. ಅವರಿಗೆ ನೆನಪಿರಲಿಲ್ಲ. ತಿರುಪ್ಪೂರಿನ ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿರುವ ಮಗಳಿಗೆ ಅಲ್ಲಿಂದಲೇ ಫೋನು ಹೋಯಿತು. ಮಗಳ ಬಳಿ ಇತ್ತು. ಅಪ್ಪ ಸತ್ತ ವಾರ ಅಮ್ಮನಿಂದಲೇ ಬಂದಿತ್ತಂತೆ, ಯಾರೋ ಮೊಮ್ಮಗು ಒತ್ತಿರಬೇಕು. ಮಾತು ಒಂದು ನಿಮಿಷಕ್ಕೂ ಕಡಿಮೆ, ಗಾತ್ರ ನೂರು ಕೆಬಿಯೂ ಇಲ್ಲ. 64 ಜಿಬಿ ಕಾರ್ಡು ಕಾಯಲಾರದ್ದನ್ನು ಕೈತಪ್ಪಿ ಆದ ಒಂದು ನಕಲು ಕಾದಿತ್ತು.

ಈಗ ಕ್ಲೌಡ್ ಇದೆಯಲ್ಲ, ಇಷ್ಟೆಲ್ಲ ತಾಪತ್ರಯ ಯಾಕೆ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಹುರುಳಿದೆ. ಕ್ಲೌಡಿಗೆ ಹಾಕಿದ ಫೋಟೊವನ್ನು ದೊಡ್ಡ ಕಂಪನಿಗಳು ಒಂದಕ್ಕಿಂತ ಹೆಚ್ಚು ಡಿಸ್ಕಿನಲ್ಲಿ ಇಡುತ್ತವೆ, ಕೆಟ್ಟ ಡಿಸ್ಕನ್ನು ನಮಗೆ ತಿಳಿಯದಂತೆ ಬದಲಾಯಿಸುತ್ತವೆ. ನಾವು ನೀವು ಮನೆಯಲ್ಲಿ ಮಾಡಲಾಗದ ಚಾಕರಿ ಅದು. 2011ರ ಫೆಬ್ರವರಿಯಲ್ಲಿ ಒಂದಷ್ಟು ಜನರ ಜಿಮೇಲ್ ಪೆಟ್ಟಿಗೆಗಳು ಇದ್ದಕ್ಕಿದ್ದಂತೆ ಖಾಲಿಯಾದಾಗ ಗೂಗಲ್ ಅವನ್ನು ಮರಳಿ ತಂದದ್ದು ಟೇಪಿನಿಂದ. ಹೌದು, ಕ್ಯಾಸೆಟ್ಟಿನ ಅಣ್ಣತಮ್ಮಂದಿರಾದ ಕಾಂತೀಯ ಟೇಪು. ಎಲ್ಲ ಡಿಸ್ಕಿನಲ್ಲೂ ಒಮ್ಮೆಗೇ ಹಬ್ಬುವ ತಪ್ಪು ಕಪಾಟಿನಲ್ಲಿ ಬೇರೆಯಾಗಿ ಕೂತ ಟೇಪಿಗೆ ತಗಲುವುದಿಲ್ಲವೆಂದು ಅವರು ಬೇರೆ ಜಾತಿಯ ನಕಲೊಂದನ್ನು ಇಟ್ಟಿದ್ದರು.

ಆದರೆ ಕ್ಲೌಡ್ ಎಂಬ ಹೆಸರೇ ಕಣ್ಣಿಗೆ ಮಣ್ಣೆರಚುವಂಥದು. ಅದು ಮೋಡದಲ್ಲಿಲ್ಲ. ನಮ್ಮ ಕಣಜದ ಹಾಗೆ ನೆಲದ ಮೇಲೇ, ಯಾರದೋ ಜಮೀನಿನಲ್ಲಿ, ಯಾರದೋ ಕಟ್ಟಡದಲ್ಲಿ, ಕರೆಂಟು ಉಣ್ಣುತ್ತ ಕೂತಿದೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರ್ಕಾರದ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕೆಲಸದ ಕಡತಗಳನ್ನೆಲ್ಲ ಇಡುತ್ತಿದ್ದ ಜಿ-ಡ್ರೈವ್ ಸುಟ್ಟುಹೋಯಿತು, 858 ಟಿಬಿ. ಗಾತ್ರ ಬಹಳ ದೊಡ್ಡದು, ಬೇರೆ ಕಡೆ ನಕಲು ಇಡುವುದು ಕಷ್ಟ ಎಂದು ನಕಲೇ ಇಟ್ಟಿರಲಿಲ್ಲ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್‌ನಂಥ, ಜಗತ್ತಿಗೇ ಮೆಮೊರಿ ಚಿಪ್ಪು ಮಾರುವ ಕಂಪನಿಗಳ ದೇಶ ಅದು. ಜಾಗಕ್ಕೆ ಬಡತನವಿರಲಿಲ್ಲ.

ನಮ್ಮ ಕ್ಲೌಡಿನ ಕರಾರನ್ನೂ ನೋಡಬೇಕು. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ, ಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ. ಎಷ್ಟು ಫೋಟೊ ಬೇಕಾದರೂ ಹಾಕಿ ಎನ್ನುತ್ತಿದ್ದ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಎರಡು ವರ್ಷ ಮುಟ್ಟದ ಖಾತೆಯನ್ನು ಅಳಿಸಬಹುದೆಂಬ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ತೀರಿಹೋದವರ ಖಾತೆಯನ್ನು ಮುಟ್ಟುವವರು ಯಾರು? ಪಾಸ್‌ವರ್ಡ್ ಅವರ ಜೊತೆಗೇ ಹೋಗಿರುತ್ತದೆ. ಹೊಲದ ಪತ್ರ ಎಲ್ಲಿದೆ ಎಂದು ಮಕ್ಕಳಿಗೆ ಹೇಳಿ ಸಾಯುವ ಹಿರಿಯರೂ ಇದನ್ನು ಹೇಳುವುದಿಲ್ಲ.

ಇನ್ನೊಂದು ಕಂಟಕ ಕನ್ನಡಿಗರಿಗೇ ವಿಶೇಷವಾದದ್ದು. ವಸ್ತು ಉಳಿದು, ಒಳಗಿನ ಬೈಟೂ ಉಳಿದು, ಓದಲು ಮಾತ್ರ ಬಾರದೆ ಹೋಗುವುದು. ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿದ್ದರೂ ನಮ್ಮ ಡಿಟಿಪಿ ಅಂಗಡಿ, ಪತ್ರಿಕೆ, ಕಚೇರಿಗಳು ಬಹುಕಾಲ ಬರೆದದ್ದು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ. ಅವು ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಇಪ್ಪತ್ತು ವರ್ಷದ ಹಿಂದಿನ ಅಂಥ ಕಡತವನ್ನು ಇವತ್ತಿನ ಫೋನಿನಲ್ಲಿ ತೆರೆದರೆ ಕಾಣುವುದು ತಲೆಯ ಮೇಲೆ ಕೊಂಬು, ಟೋಪಿ ಹೊತ್ತ ಪರಂಗಿ ಅಕ್ಷರಗಳ ಸಾಲು. ನನ್ನ ಪರಿಚಯದ ಒಬ್ಬ ಮೇಷ್ಟರು ತಮ್ಮ ತಾಲ್ಲೂಕಿನ ಸೋಬಾನೆ ಪದಗಳನ್ನೆಲ್ಲ ಕಲೆಹಾಕಿ ಟೈಪು ಮಾಡಿಸಿ ಸೀಡಿಗೆ ಹಾಕಿಟ್ಟಿದ್ದರು. ಸೀಡಿ ಓದುವ ಯಂತ್ರವನ್ನೇ ಮೂರು ಕಡೆ ಹುಡುಕಬೇಕಾಯಿತು. ಸಿಕ್ಕ ಮೇಲೆ ಫಾಂಟು ಹುಡುಕಬೇಕಾಯಿತು. ಕೊನೆಗೆ ಪರಿವರ್ತಕ ತಂತ್ರಾಂಶ ಬಳಸಿ ಓದಿದಾಗ ಒತ್ತಕ್ಷರಗಳೆಲ್ಲ ಚದುರಿದ್ದವು. ಅವರು ಟೈಪಿಗೆ ಕೊಡುವ ಮೊದಲು ಬರೆದಿದ್ದ ನೋಟುಪುಸ್ತಕ ಮಾತ್ರ ಅಟ್ಟದ ಮೇಲಿತ್ತು. ಅದನ್ನು ತೆರೆಯಲು ಯಾವ ಯಂತ್ರವೂ ಬೇಕಾಗಲಿಲ್ಲ.

ಸರ್ಕಾರದ ಕಣಜಕ್ಕೂ ಇದೇ ಪಾಠ ಅನ್ವಯಿಸುತ್ತದೆ. ಭೂಮಿ ಯೋಜನೆಯಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. 2002ರ ಹೊತ್ತಿಗೆ ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ಅದು ದೊಡ್ಡ ಕೆಲಸ, ಗ್ರಾಮಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು. ಆದರೆ ನಮೂದಿಸುವಾಗ ಒಂದು ಗುಂಟೆ ಹೆಚ್ಚುಕಡಿಮೆಯಾದರೆ, ತಂದೆಯ ಹೆಸರು ತಪ್ಪಾದರೆ, ಕಂಪ್ಯೂಟರು ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ತಿದ್ದುಪಡಿಗೆ ಹೋದ ರೈತನಿಗೆ ಬೇಕಾಗುವುದು ಮತ್ತೆ ಹಳೆಯ ಕೈಬರಹದ ಪುಸ್ತಕವೇ. ಈಗ ಭೂ ಸುರಕ್ಷಾ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಆ ಹಳೆಯ ಕಾಗದಗಳನ್ನೂ ಸ್ಕ್ಯಾನ್ ಮಾಡುತ್ತಿದ್ದಾರೆ, ಮಾಡಲೇಬೇಕು. ಸ್ಕ್ಯಾನ್ ಆಯಿತಲ್ಲ ಎಂದು ಮೂಲವನ್ನು ಗುಜರಿಗೆ ಹಾಕುವ ದಿನ ಬಾರದಿರಲಿ.

ನನ್ನ ವಾದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ನ್ಯಾಯವಾದವು. ಹೂವು, ಈರುಳ್ಳಿ, ಅರಿಶಿನದ ಬೆಲೆ ದಿನಕ್ಕೊಂದು ಆಟ ಆಡುವ ಸೀಮೆಯಲ್ಲಿ ಒಂದೇ ಫೋನಿರುವ ಮನೆಗೆ ಹಾರ್ಡ್‌ಡಿಸ್ಕು, ಎಸ್‌ಎಸ್‌ಡಿ, ಕ್ಲೌಡ್ ಬಾಡಿಗೆ ಎಂದರೆ ನಗು ಬರುತ್ತದೆ. ಎರಡನೆಯದು ಇನ್ನೂ ಮೂಲದ್ದು: ಎಲ್ಲವನ್ನೂ ಉಳಿಸಿಕೊಂಡು ಏನು ಮಾಡುವುದು? ಶುಭೋದಯದ ಗುಲಾಬಿ, ಮಂತ್ರಿಗಳ ಫ್ಲೆಕ್ಸು, ಹದಿನಾಲ್ಕು ಕಡೆಯಿಂದ ಬಂದ ಅದೇ ವಿಡಿಯೊ, ಒಂದೇ ಚೆಂಡುಹೂವಿನ ಹೊಲದಲ್ಲಿ ತೆಗೆದ ನಲವತ್ತು ಪಟ. ಮರೆಯುವುದೂ ಮನುಷ್ಯನಿಗೆ ಆರೋಗ್ಯ.

ಒಪ್ಪುತ್ತೇನೆ. ಒಪ್ಪಿಯೇ ಹೇಳುತ್ತೇನೆ, ಈ ಎರಡನೆಯ ಆಕ್ಷೇಪ ಮೊದಲನೆಯದಕ್ಕೆ ಉತ್ತರ. ಯಾವ ರೈತನೂ ಬೆಳೆದದ್ದನ್ನೆಲ್ಲ ಬಿತ್ತನೆಗೆ ಇಡುವುದಿಲ್ಲ. ರಾಗಿ ಕಟಾವಿಗೆ ಮುಂಚೆ ಹೊಲದಲ್ಲಿ ಅಡ್ಡಾಡಿ ತುಂಬಿದ ತೆನೆ ಆಯ್ದು ಬೇರೆ ಕಟ್ಟುತ್ತಿದ್ದರು. ಜೋಳದ ತೆನೆ ಒಲೆಯ ಮೇಲೆ ಹೊಗೆ ತಾಗುವಲ್ಲಿ ತೂಗುತ್ತಿತ್ತು. ಅವರೆಗೆ ಕೆಮ್ಮಣ್ಣು ಕಟ್ಟುತ್ತಿದ್ದರು, ಸೌತೆ ಕುಂಬಳದ ಬೀಜವನ್ನು ಸಗಣಿಯಲ್ಲಿ ಗೋಡೆಗೆ ಬಡಿಯುತ್ತಿದ್ದರು. ಒಂದೊಂದಕ್ಕೆ ಒಂದೊಂದು ಬಗೆಯ ಕಾಪು. ಇಷ್ಟಾದರೂ ಹುಳು ಬಿದ್ದರೆ ಎಂದು ಬೀಗರ ಮನೆಯಲ್ಲಿ, ತವರಿನಲ್ಲಿ ಅದೇ ತಳಿ ಇರುತ್ತಿತ್ತು. ಒಂದು ವರ್ಷ ಕೊಟ್ಟವರು ಇನ್ನೊಂದು ವರ್ಷ ಇಸಿದುಕೊಂಡು ಬರುತ್ತಿದ್ದರು. ಕಂಪ್ಯೂಟರ್ ಬಲ್ಲವರು ಮೂರು-ಎರಡು-ಒಂದು ಎಂಬ ಸೂತ್ರ ಹೇಳುತ್ತಾರೆ: ಮೂರು ಪ್ರತಿ, ಎರಡು ಬಗೆಯ ವಸ್ತು, ಒಂದು ಬೇರೆ ಊರಿನಲ್ಲಿ. ನಮ್ಮ ಅಜ್ಜಿಯರಿಗೆ ಸೂತ್ರ ಗೊತ್ತಿರಲಿಲ್ಲ, ಗೋಡೆ, ಗಡಿಗೆ, ತವರು ಗೊತ್ತಿತ್ತು.

ಹಾಗೆ ಆಯ್ದರೆ ಒಂದು ಮನೆಗೆ ನಿಜವಾಗಿ ಬೇಕಾದದ್ದು ಎಷ್ಟು? ಇನ್ನೂರು ಫೋಟೊ, ಹತ್ತಿಪ್ಪತ್ತು ದನಿ, ಮದುವೆಯ ವಿಡಿಯೊದಲ್ಲಿ ಅರ್ಧ ಗಂಟೆ, ಪಹಣಿ, ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳ ಸ್ಕ್ಯಾನು. ಎಲ್ಲ ಸೇರಿ ನಾಲ್ಕೈದು ಜಿಬಿ ಮೀರುವುದಿಲ್ಲ. ಅಷ್ಟು ಚಿಕ್ಕದು ಪುಕ್ಕಟೆಯ ಕ್ಲೌಡಿನಲ್ಲಿ ಹಿಡಿಯುತ್ತದೆ, ನಾನೂರು ರೂಪಾಯಿಯ ಪೆನ್‌ಡ್ರೈವಿನಲ್ಲೂ ಹಿಡಿಯುತ್ತದೆ. ಆ ಪೆನ್‌ಡ್ರೈವು ನಿಮ್ಮ ಬೀರುವಿನಲ್ಲಲ್ಲ, ಮೈಸೂರಿನ ತಂಗಿಯ ಮನೆಯಲ್ಲಿರಬೇಕು, ತಂಗಿಯದು ನಿಮ್ಮಲ್ಲಿ. ತೀರ ಬೇಕಾದ ಹತ್ತು ಫೋಟೊಗಳನ್ನು ಗುಂಡ್ಲುಪೇಟೆಯ ಸ್ಟುಡಿಯೊದಲ್ಲಿ ಪ್ರಿಂಟು ಹಾಕಿಸಿ. ಸಾಗಿಸಬೇಡಿ, ನಕಲು ಮಾಡಿ. ನಕಲು ತೆರೆಯುತ್ತದೆ ಎಂದು ಖಾತ್ರಿಯಾಗುವವರೆಗೆ ಮೂಲವನ್ನು ಅಳಿಸಬೇಡಿ. ಈ ಕೊನೆಯ ಮಾತನ್ನು ಮೊಬೈಲ್ ಅಂಗಡಿಯ ಹುಡುಗರಿಗೂ ಹೇಳಬೇಕು. ಊರಿನ ಅರ್ಧ ನೆನಪು ಅವರ ಕೈಮೇಲೇ ಹಾದುಹೋಗುತ್ತಿದೆ.

ನಕಲು ಮಾಡಿಟ್ಟ ಮೇಲೂ ಒಂದು ಕೆಲಸ ಉಳಿಯುತ್ತದೆ, ತೆರೆದು ನೋಡುವುದು. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಕೊಟ್ಟ ಓಲೆಕಟ್ಟು ಕೌಟಿಲ್ಯನ ಅರ್ಥಶಾಸ್ತ್ರವೆಂದು ತಿಳಿದದ್ದು 1905ರಲ್ಲಿ, ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದಾಗ. 1909ರಲ್ಲಿ ಅಚ್ಚಾಯಿತು. ಬಿಚ್ಚುವವರೆಗೆ ಅದೂ ಒಂದು ಕಟ್ಟು, ಅಷ್ಟೆ.

ಕಂಪ್ಯೂಟರ್ ಲೋಕದವರು ಮಾರ್ಚ್ 31ನ್ನು ನಕಲು ಮಾಡಿಡುವ ದಿನವೆಂದು 2011ರಿಂದ ಆಚರಿಸುತ್ತಿದ್ದಾರೆ. ನಮ್ಮ ಯುಗಾದಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಹೊನ್ನಾರು ಕಟ್ಟುವ ಮುಂಚೆ ನೇಗಿಲು, ಮಿಣಿ ಎಲ್ಲ ಹೊರತೆಗೆದು ನೋಡುವ ದಿನವೇ ನಿಮ್ಮಲ್ಲಿರುವ ತಂಗಿಯ ಪೆನ್‌ಡ್ರೈವನ್ನೂ ಹೊರತೆಗೆಯಿರಿ. ಒಂದು ಫೋಟೊ ತೆರೆಯಿರಿ, ಒಂದು ದನಿ ಕೇಳಿ. ತೆರೆಯದಿದ್ದರೆ ಆ ಪ್ರತಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದೇ ದಿನ ತಂಗಿಗೆ ಫೋನು ಮಾಡಿ.